ಬುಟ್ಟಿ ಮಣ್ಣು ಹೊತ್ತು ತಂದ ಕೋಚಮ್ಮ

ಕೋಚಮ್ಮನ ಎಡಗಿವಿ ಒಣ ಅಂಜೂರದ ಹಾಗೆ ಮುದುಡಿಹೋಗಿತ್ತು. ಕಬಡ್ಡಿ ಆಡುವ ಕಾಲದಲ್ಲಿ ಯಾರದೋ ಮಂಡಿ ಬಡಿದದ್ದಂತೆ. ಟ್ರ್ಯಾಕ್ ಪ್ಯಾಂಟಿನ ಮೇಲೆ ಚೂಡಿದಾರದ ಟಾಪು ಹಾಕಿ ಅವಳು ಹೇರೋಹಳ್ಳಿಯ ಮಣ್ಣಿನ ಮೈದಾನದಲ್ಲಿ ಕಬಡ್ಡಿ ಕಲಿಸಲು ನಿಂತಳೆಂದರೆ ಹುಡುಗಿಯರಿಗೆ ನಡುಕ. ನನ್ನ ಮೊಮ್ಮಗಳನ್ನು ಆಟಕ್ಕೆ ಎಳೆದುಕೊಂಡವಳು ಅವಳೇ. "ಹುಡುಗಿ ಕಾಲು ಮುರ್ಕೊಂಡ್ರೆ ಯಾರಮ್ಮ ಮದ್ವೆ ಆಗ್ತಾರೆ?" ಎಂದು ನಾನು ಜಗಳಕ್ಕೇ ಹೋಗಿದ್ದೆ.

"ಈ ಕಿವಿ ನೋಡ್ಕೊಂಡೇ ನಂಗೂ ಒಬ್ಬ ಸಿಕ್ದ ಅಲ್ವಾ ಅಜ್ಜಿ" ಎಂದಳು. ಮೊಮ್ಮಗಳನ್ನು ಅಲ್ಲೇ ಬಿಟ್ಟು ಬಂದೆ.

ಅವಳನ್ನೂ ಅವಳು ತಯಾರು ಮಾಡಿದ ಹುಡುಗಿಯರನ್ನೂ ಒಬ್ಬ ಸಾಹುಕಾರ ಸಂಬಳ ಕೊಟ್ಟು ಟೀಮು ಮಾಡಿಕೊಂಡ. ಮಲ್ಲತ್ತಹಳ್ಳಿ ಕಡೆ ಹೊಸ ಸ್ಟೇಡಿಯಂ ಎದ್ದಿತು. ತಲೆಯ ಮೇಲೆ ಸೂರು, ನೆಲಕ್ಕೆ ಮ್ಯಾಟು, ಕಾಲಿಗೆ ಶೂ. ನಮ್ಮವರು ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿ ಬೆಳೆದವರು. ರೇಡಿಗೆ ಹೋಗುವ ಮುಂಚೆ ಅಂಗೈಗೆ ಮಣ್ಣು ಉಜ್ಜಿಕೊಳ್ಳದಿದ್ದರೆ ಅವರಿಗೆ ಕೈಯೇ ಓಡದು. ಅದಕ್ಕೆ ಮೊದಲ ಮ್ಯಾಚಿಗೆ ಕೋಚಮ್ಮ ಹಳೇ ಮೈದಾನದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದಳು. ಅದು ಉದುರಿ ಮ್ಯಾಟು ಜಾರುಬಂಡೆಯಾಯಿತು. ರೇಡಿಗೆ ಹೋದ ನನ್ನ ಮೊಮ್ಮಗಳು ದೊಪ್ಪನೆ ಕೂತಳು. ರೆಫ್ರಿ ಆಟ ನಿಲ್ಲಿಸಿ ಮ್ಯಾಟು ಒರೆಸಲು ಹೇಳಿದ.

"ಆಂಟೀ, ರಾಗಿ ಬಿತ್ತೋಕೆ ಬಂದ್ರಾ?" ಎಂದು ನೋಡುವವರ ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

"ಬಾ ಮಗಾ, ಗೊಬ್ಬರ ಕಮ್ಮಿಯಾಗಿತ್ತು" ಎಂದಳು ಕೋಚಮ್ಮ.

ಅವತ್ತು ಸೋತರು. ಆಮೇಲೂ ಸೋತರು, ಸೋಲುತ್ತಲೇ ಹೋದರು. ಶೂ ಹಾಕಿದ ಕಾಲಿಗೆ ಹಿಡಿತ ಸಿಗಲು ಕಾಲ ಬೇಕು. ಸಾಹುಕಾರನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಮೊಮ್ಮಗಳಿಗೆ ಊಟದ ಡಬ್ಬಿ ಕೊಡಲು ಹೋಗಿದ್ದ ನನ್ನ ಎದುರೇ ಕೋಚಮ್ಮನಿಗೆ ಅಂದ, "ಹೊರಗಡೆಯಿಂದ ಪ್ಲೇಯರ್ಸ್ ತರ್ತೀನಿ. ನಿಮ್ಮೋರನ್ನೆಲ್ಲ ಮನೆಗೆ ಕಳ್ಸಿ."

"ಮಣ್ಣಲ್ಲಿ ಆಡ್ಸಿದೋಳು ನಾನು ಸಾರ್, ಅವರದ್ದೇನು ತಪ್ಪು?" ಎಂದಳು. "ಸೀಸನ್ ಮುಗಿದ್ಮೇಲೆ ನನ್ನ ಕಳ್ಸಿ. ಮ್ಯಾಟ್ ಮೇಲೆ ಆಡೋದು ಕಲ್ಸೋರನ್ನ ತನ್ನಿ. ಹುಡುಗೀರ್ನ ಇನ್ನೊಂದು ವರ್ಷ ತೆಗೀಬೇಡಿ."

ಅವನು ಒಪ್ಪಿದ.

ಕೊನೆಯ ಮ್ಯಾಚನ್ನೂ ಸೋತರು. ತಲೆ ತಗ್ಗಿಸಿ ಒಳಗೆ ನುಗ್ಗುತ್ತಿದ್ದವರನ್ನು ಕೋಚಮ್ಮ ತಡೆದು, "ಏ, ಕಳ್ರ ಥರ ಓಡ್ಬೇಡ್ರೇ! ಗೆದ್ದೋರ ಕೈ ಕುಲುಕಿ ಬನ್ನಿ" ಎಂದು ಗದರಿದಳು. ಮಾರನೆಯ ದಿನದಿಂದ ಅವಳಿಗೆ ಕೆಲಸವಿಲ್ಲ.

ಮುಂದಿನ ವರ್ಷ ಅದೇ ಹುಡುಗಿಯರು ಅದೇ ಮ್ಯಾಟಿನ ಮೇಲೆ ಗೆದ್ದರು. ಪ್ರೈಜು ಕೊಡುವಾಗ ಹೊಸ ಕೋಚು ವೇದಿಕೆ ಹತ್ತಿದ. ಕೋಚಮ್ಮ ಜನರ ನಡುವೆ ನನ್ನ ಪಕ್ಕ ಕೂತು, "ನೋಡಜ್ಜಿ, ಒಬ್ಳೂ ಜಾರ್ಲಿಲ್ಲ!" ಎಂದು ನನ್ನ ತೊಡೆಗೆ ಬಡಿದಳು. ಉರಿಯುವಂಥ ಏಟು.

ಹೋದ ವರ್ಷ ಎದೆನೋವು ಬಂದು ಸತ್ತಳು. ಹುಡುಗಿಯರು ಚಟ್ಟಕ್ಕೆ ಹೆಗಲು ಕೊಡಲು ಬಂದರೆ, "ಹೆಣ್ಮಕ್ಳು ಹೊರೋ ಹಾಗಿಲ್ಲ" ಎಂದು ಗಂಡನ ಕಡೆಯ ಹಿರಿಯರು ಅಡ್ಡ ನಿಂತರು. ನಾನು ಹೋಗಿ ಒಬ್ಬನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ.

"ಇವರು ಆಡ್ಲಿ ಅಂತ ತನ್ನ ಕೆಲ್ಸಾನೇ ಬಿಟ್ಕೊಟ್ಟೋಳು ಕಣಪ್ಪ ಅವಳು. ನಿಂದೇನು ಹೋಯ್ತು? ದಾರಿ ಬಿಡು."

ಬಿಟ್ಟ. ನನ್ನ ಮೊಮ್ಮಗಳು ಮುಂದೆ ಬಲಗಡೆಗೆ ಹೆಗಲು ಕೊಟ್ಟಳು.