ಬಿಸಿ ಬೆಲ್ಟಿಗೆ ಹಿಡಿದ ಅಳತೆ

ಕೊರೊನಾ ಮುಗಿದ ಮರುವರ್ಷದ ಮಾತು. ಉಮ್ಮತ್ತೂರಿನಲ್ಲಿ ನಮ್ಮ ಹಿಟ್ಟಿನ ಮಿಲ್ಲನ್ನು ನಾನೇ ನಡೆಸುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೆ ಮೋಟಾರು, ಕಲ್ಲು, ಬೆಲ್ಟು ಮೂರೂ ನನ್ನ ಪಾಲಿಗೆ ಬಂದಿದ್ದವು. ನಾನು ಓದಿದ್ದು ಮೂರನೇ ಕ್ಲಾಸು. ಮಿಲ್ಲಿನ ಕೆಲಸವನ್ನು ಕಿವಿಯಿಂದ ಕಲಿತೆ. ಕಲ್ಲು ಸವೆದರೆ ಒಂದು ಸದ್ದು, ಬೆಲ್ಟು ಜಾರಿದರೆ ಇನ್ನೊಂದು.

ಆ ವರ್ಷವೇ ನನ್ನ ಮಗಳು ಸುಮಾಳಿಗೆ ಹೆಣ್ಣು ಕೂಸು ಹುಟ್ಟಿತು. ಆ ಕೂಸಿನ ಬಗ್ಗೆ ಬರೆಯಲು ಕುಳಿತರೆ ಬೆಲ್ಟಿನ ವಿಷಯ ಬರುವುದೇ ಇಲ್ಲ, ಹಾಗಾಗಿ ಒಂದೇ ಮಾತು: ಮಿಲ್ಲು ಶುರುವಾದರೆ ಊರಿನ ಮಕ್ಕಳೆಲ್ಲ ಅಳುತ್ತವೆ, ನನ್ನ ಮೊಮ್ಮಗಳು ಆ ಸದ್ದಿಗೆ ನಗುತ್ತಿದ್ದಳು. ಹಿಟ್ಟಿನ ಡಬ್ಬ ಹಿಡಿದು ಬಂದವರಿಗೆಲ್ಲ ಅದನ್ನು ಹೇಳಿ ಹೇಳಿ, ಅವರ ಹಿಟ್ಟು ಕೊಡುವುದನ್ನೇ ಮರೆಯುತ್ತಿದ್ದೆ.

ಸಂತೋಷದ ಜೊತೆಗೆ ಒಂದು ಹೊಟ್ಟೆಕಿಚ್ಚೂ ಇತ್ತು. ಭೀಮನಬೀಡಿನಲ್ಲಿ ನನ್ನ ಬೀಗರು, ಅಂದರೆ ಸುಮಾಳ ಮಾವ ಗುರುಮಲ್ಲಪ್ಪನವರದ್ದೂ ಹಿಟ್ಟಿನ ಮಿಲ್ಲೇ. ನನ್ನದಕ್ಕಿಂತ ದೊಡ್ಡದು. ಒಂದೇ ಸಲಕ್ಕೆ ಇಬ್ಬರೂ ಹೊಸ ಬೆಲ್ಟು ಹಾಕಿಸಿದ್ದೆವು, ನೈಲಾನ್ ಬಟ್ಟೆಯ ಪದರಗಳ ನಡುವೆ ರಬ್ಬರು ತುಂಬಿ ಒತ್ತಿದ ಅಗಲದ ಪಟ್ಟಿ. ಹೊಸ ಬೆಲ್ಟು ಓಡುತ್ತಾ ಓಡುತ್ತಾ ಹಿಗ್ಗಿ ಸಡಿಲವಾಗುತ್ತದೆ. ಆಗ ಎರಡು ಬೆರಳಷ್ಟು ಕತ್ತರಿಸಿ, ತುದಿಗಳನ್ನು ಮತ್ತೆ ಕ್ಲಿಪ್ಪಿನಿಂದ ಸೇರಿಸಬೇಕು. ಇದು ಎಲ್ಲ ಮಿಲ್ಲಿನಲ್ಲೂ ನಡೆಯುವ ಕೆಲಸ.

ಮಗುವಿಗೆ ಆರು ತಿಂಗಳು ತುಂಬುತ್ತಿತ್ತು. ಬರುವ ಸೋಮವಾರ ಮಗು, ಬಾಣಂತಿ ಇಬ್ಬರನ್ನೂ ಭೀಮನಬೀಡಿಗೆ ಕಳುಹಿಸುವುದೆಂದು ಗೊತ್ತಾಗಿತ್ತು. ಹೊರಡುವ ಮುಂಚೆ ಮಗುವಿನ ಬಾಯಿಗೆ ಮೊದಲ ರಾಗಿ ಸರಿ ನನ್ನ ಮಿಲ್ಲಿನ ಹಿಟ್ಟಿನದೇ ಬೀಳಬೇಕು ಎಂಬುದು ನನ್ನ ಹಟ. ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಇಟ್ಟಿದ್ದೆ. ಬೀಗರ ಮಿಲ್ಲಿನಲ್ಲಿ ಖಾರದ ಪುಡಿಯನ್ನೂ ಬೀಸುತ್ತಾರೆ, ಆ ಘಾಟು ಕೂಸಿನ ಹಿಟ್ಟಿಗೆ ಅಂಟುತ್ತದೆ ಎಂದು ಸುಮಾಳಿಗೆ ದಿನಕ್ಕೊಮ್ಮೆ ಹೇಳುತ್ತಿದ್ದೆ. ಅವರದು ಖಾರಕ್ಕೇ ಬೇರೆ ಮಿಷನ್ನು ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಶುಕ್ರವಾರ ಬೀಗರು ಫೋನು ಮಾಡಿ ಮಗುವನ್ನು ವಿಚಾರಿಸಿದರು. ಆಮೇಲೆ ಬೆಲ್ಟಿನ ಮಾತು ಬಂತು. "ನಮ್ದು ಆಕಿದ್ ದಿವ್ಸದಿಂದ ಇನ್ನೂ ಚಾಕು ಮುಟ್ಸಿಲ್ಲ ಕಣಮ್ಮ. ನಿಮ್ದು?" ಎಂದರು.

ನನ್ನದು ಅವತ್ತು ಬೆಳಿಗ್ಗೆಯಿಂದ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ಸಲ ಕತ್ತರಿಸಿಯೂ ಆಗಿತ್ತು. ಬಿಗಿಯಾಗೇ ಇದೆ ಎಂದು ಹೇಳಿ ಫೋನಿಟ್ಟೆ. ಸಂಜೆ ಮಿಲ್ಲು ನಿಲ್ಲಿಸಿದವಳೇ ಬೆಲ್ಟಿಗೆ ಕೈ ಇಟ್ಟೆ, ಬಿಸಿಯಾಗಿ ಜೋತು ಬಿದ್ದಿತ್ತು. ಇನ್ನು ಮೇಲೆ ಇದು ತಂತಿಯ ಹಾಗೆ ನಿಲ್ಲಬೇಕು ಎಂದುಕೊಂಡು, ಎರಡು ಬೆರಳಿನ ಕಡೆ ನಾಲ್ಕು ಬೆರಳು ಕತ್ತರಿಸಿದೆ. ಕ್ಲಿಪ್ಪು ಹೊಡೆದು, ಬೆಲ್ಟು ಓಡುವ ಗಾಲಿಗೆ, ಅಂದರೆ ಪುಲ್ಲಿಗೆ, ಬೆಳಿಗ್ಗೆ ಹಾಕಿದರಾಯಿತು ಎಂದು ಗೋಡೆಗೆ ಒರಗಿಸಿಟ್ಟೆ.

ಬೆಳಿಗ್ಗೆ ಬೆಲ್ಟು ಪುಲ್ಲಿಯನ್ನು ಮುಟ್ಟಲಿಲ್ಲ. ಸುಮಾ ಒಂದು ಕಡೆ, ನಾನು ಒಂದು ಕಡೆ ಹಿಡಿದು ಜಗ್ಗಿದೆವು. ಹಾರೆ ಕೊಟ್ಟು ಮೀಟಿದೆವು. ಜಗ್ಗಿದಷ್ಟೂ ಅದು ಮರದ ಹಲಗೆಯ ಹಾಗೆ ಬಿಗಿಯಾಯಿತು. ಮೋಟಾರನ್ನೇ ಮುಂದಕ್ಕೆ ತಳ್ಳೋಣವೆಂದರೆ ಯಜಮಾನರು ಅದನ್ನು ಸಿಮೆಂಟಿನಲ್ಲಿ ಕೂರಿಸಿದ್ದರು. ಕತ್ತರಿಸಿದ ತುಂಡನ್ನು ಮತ್ತೆ ಸೇರಿಸಲು ಅದು ಎರಡು ಕಡೆ ಕ್ಲಿಪ್ಪು ಹಿಡಿಯುವಷ್ಟು ಉದ್ದವಿರಲಿಲ್ಲ. ಚಾಮರಾಜನಗರದ ಅಂಗಡಿಗೆ ಫೋನು ಮಾಡಿದರೆ ಆ ಅಗಲದ ಬೆಲ್ಟು ಮಂಗಳವಾರ ಬರುತ್ತದೆ ಎಂದರು. ಊರಿನಲ್ಲಿ ಇನ್ನೊಂದು ಮಿಲ್ಲಿದೆ, ಆದರೆ ನಾನು ರಾಗಿ ಹೊತ್ತು ಆ ಬಾಗಿಲಿಗೆ ಹೋಗುವ ಹಾಗಿರಲಿಲ್ಲ.

ಇದೇ ಹೊತ್ತಿಗೆ ಬೀಗರು ಬಂದರು. ಸೋಮವಾರದವರೆಗೆ ಕಾಯಲಾರದೆ, ಗುಂಡ್ಲುಪೇಟೆಯಲ್ಲೊಂದು ಬಸ್ಸು, ಚಾಮರಾಜನಗರದಲ್ಲೊಂದು ಬಸ್ಸು ಹತ್ತಿ ಮೊಮ್ಮಗಳನ್ನು ನೋಡಲು ಬಂದಿದ್ದರು. ಮಗು ಅವರನ್ನು ಕಂಡದ್ದೇ ಎರಡೂ ಕೈ ಚಾಚಿತು. ಬೆಳಿಗ್ಗೆಯಿಂದ ನಾನು ಎತ್ತಿಕೊಂಡರೆ ಅಳುತ್ತಿದ್ದ ಮಗು ಅದು. ಬೀಗರು ಚೀಲದಿಂದ ಒಂದು ಸ್ಟೀಲಿನ ಡಬ್ಬ ತೆಗೆದು ಸುಮಾಳ ಕೈಗೆ ಕೊಟ್ಟರು. "ಕೂಸ್ಗೆ ಸರಿ ಇಟ್ಟು. ನಮ್ ಮಿಲ್ನಲ್ಲೇ ಬೀಸಿ ತಂದಿವ್ನಿ ಕಣವ್ವ."

ಸುಮಾ ನನ್ನ ಮುಖ ನೋಡಿ, ಡಬ್ಬವನ್ನು ಗೂಡಿನಲ್ಲಿಟ್ಟು ಕಾಫಿ ಕಾಯಿಸಲು ಹೋದಳು.

ಬೀಗರು ಮಗುವನ್ನು ಎತ್ತಿಕೊಂಡೇ ಮಿಲ್ಲಿಗೆ ಬಂದು ಬೆಲ್ಟನ್ನು ನೋಡಿದರು. ಬಗ್ಗಿ ತುಂಡನ್ನು ಎತ್ತಿಕೊಂಡರು. "ಬಿಸೀಲೇ ಕುಯ್ದ್ರಾ?" ಎಂದು ಕೇಳಿ, ಮೀಸೆಯೊಳಗೇ ನಕ್ಕರು. "ಓಗ್ಲಿ ಬುಡಿ. ಇಟ್ಟು ತಂದಿವ್ನಲ್ಲ."

ಆ ನಗುವೇ ನನಗೆ ದಾರಿ ತೋರಿಸಿತು. "ಕುಯ್ಯಕ್ಕೆ ಯಾರ್ಗಾದ್ರೂ ಬತ್ತದೆ ಬೀಗ್ರೆ. ಚಾಕೂನೇ ಮುಟ್ಸದೆ ಇರೋರು ನೀವು, ಕುಯ್ದಿದ್ನ ಉದ್ದ ಮಾಡಕ್ಕೆ ನಿಮ್ಗೇನ್ ಬಂದದು?" ಎಂದೆ.

"ಯಾಕ್ ಬರಾಕಿಲ್ಲ?" ಎಂದರು. ಮಗುವನ್ನು ನನ್ನ ಕೈಗೆ ಕೊಟ್ಟು ಅಂಗಿಯ ತೋಳು ಮಡಚಿದರು. "ಜಗ್ಗುದ್ರೆ ಅದು ಬಗ್ಗಾಕಿಲ್ಲ. ತೂಗಾಕ್ಬುಟ್ಟು ಸುಮ್ಕಿರ್ಬೇಕು."

ಬೆಲ್ಟನ್ನು ಮಿಲ್ಲಿನ ತೊಲೆಗೆ ಇಳಿಬಿಟ್ಟು, ಕೆಳಗೆ ಒಂದು ಬಿದಿರಿನ ಗಳು ತೂರಿಸಿ, ಸವೆದ ಹಳೇ ಬೀಸುವ ಕಲ್ಲನ್ನು ಅದಕ್ಕೆ ನೇತುಹಾಕಿದರು. ಮೇಲಿನ ತಗಡು ಶೀಟಿನ ಕಾವೂ ಹಿಗ್ಗುವುದಕ್ಕೆ ಒಳ್ಳೆಯದೇ, ಸೋಮವಾರ ನಾನು ಬರುವ ತನಕ ಮುಟ್ಟಬೇಡಿ ಎಂದು ಹೇಳಿ ಊಟ ಮಾಡಿ ಹೋದರು. ನನ್ನ ಮಿಲ್ಲು ಓಡಿದರೆ ತಮ್ಮ ಡಬ್ಬ ಗೂಡಿನಲ್ಲೇ ಉಳಿಯುತ್ತದೆ ಎಂದು ಬಸ್ಸು ಹತ್ತಿದ ಮೇಲೆ ಅವರಿಗೆ ಹೊಳೆದಿರಬೇಕು.

ಸೋಮವಾರ ಬೆಳಿಗ್ಗೆ ಅಳಿಯನ ಜೊತೆ ಕಾರಿನಲ್ಲಿ ಬಂದರು. ಕಲ್ಲು ನೆಲದ ಕಡೆಗೆ ಒಂದಿಷ್ಟು ಇಳಿದಿತ್ತು. "ಬಿಚ್ಚುದ್ ತಕ್ಷಣ ಆಕ್ಬುಡ್ಬೇಕು. ಮಾತಾಡ್ಕ ನಿಂತ್ರೆ ಮತ್ತೆ ಒಳಕ್ಕೋಯ್ತದೆ" ಎಂದರು. ಅವರು ಮೋಟಾರಿನ ಕಡೆ, ನಾನು ಕಲ್ಲಿನ ಕಡೆ. ಹಾರೆಯಿಂದ ಒಂದೇ ಸಲ ಮೀಟಿದಾಗ ಬೆಲ್ಟು ಪುಲ್ಲಿಯ ಮೇಲೆ ಕುಳಿತಿತು. ಸ್ವಿಚ್ಚು ಹಾಕಿದೆ. ಪಟಪಟ ಸದ್ದಿಲ್ಲ. ಮಗು ಒಳಗಿನಿಂದ ಕೇಕೆ ಹಾಕಿತು.

ಮೊದಲು ನಾಲ್ಕು ಹಿಡಿ ಅಕ್ಕಿ ಬೀಸಿ ಕಲ್ಲು ತೊಳೆದ ಹಾಗೆ ಮಾಡಿ, ಆಮೇಲೆ ಕೂಸಿನ ರಾಗಿ ಸುರಿದೆ. ಬೀಗರು ಬೆಚ್ಚಗಿನ ಹಿಟ್ಟನ್ನು ಚಿಟಿಕೆ ತೆಗೆದು ಉಜ್ಜಿ ನೋಡಿದರು. "ನುಣ್ಗದೆ" ಎಂದಷ್ಟೇ ಹೇಳಿ, ಗೂಡಿನಲ್ಲಿದ್ದ ತಮ್ಮ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡರು. ಅದನ್ನು ನಾನು ನೋಡಿದೆ. ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಯಿತು.

ಮೊದಲ ಚಮಚ ನಾನೇ ಕೊಟ್ಟೆ. ಮುಖ ಕಿವುಚಿ, ಅರ್ಧ ಹೊರಗೆ ತಳ್ಳಿ, ಅರ್ಧ ನುಂಗಿದಳು ನನ್ನ ರಾಣಿ. ಕುಳಿತಿದ್ದದ್ದು ಮಾತ್ರ ಬೀಗರ ತೊಡೆಯ ಮೇಲೆ.

ನನ್ನ ಅಳಿಯ ಡಿಪ್ಲೊಮಾ ಓದಿದವನು. ಕಾರಿಗೆ ಸಾಮಾನು ತುಂಬುತ್ತಾ ಬೆಲ್ಟಿನ ಗುಟ್ಟು ಬಿಡಿಸಿ ಹೇಳಿದ. ನೈಲಾನು, ರಬ್ಬರು ಇವೆಲ್ಲ ಅರ್ಧ ಸ್ಪ್ರಿಂಗಿನ ಹಾಗೆ, ಅರ್ಧ ಬೆಲ್ಲದ ಪಾಕದ ಹಾಗೆ. ಅವಸರದಲ್ಲಿ ಎಳೆದರೆ ಬಿಗಿಯುತ್ತವೆ, ಭಾರ ಹೊತ್ತು ನಿಂತರೆ ನಿಧಾನವಾಗಿ ಹಿಗ್ಗುತ್ತವೆ. ಅದಕ್ಕೆ ಕ್ರೀಪ್ ಎನ್ನುತ್ತಾರೆ. ಭಾರ ಇಳಿಸಿದರೆ ನಿಧಾನವಾಗಿ ಒಂದಿಷ್ಟು ಕುಗ್ಗುತ್ತವೆ. ಗೋಡೆಗೆ ಒರಗಿಸಿಟ್ಟಾಗ ನನ್ನ ಬೆಲ್ಟು ಮಾಡಿದ್ದು ಅದನ್ನೇ. ಇಡೀ ಗುಣಕ್ಕೆ ವಿಸ್ಕೋಇಲಾಸ್ಟಿಕ್ ಎಂದು ಹೆಸರಂತೆ.

ಮಿಲ್ಲು ನಡೆಸುವವರಿಗೆ ನಾನು ಹೇಳುವುದು ಇಷ್ಟು: ಓಡಿ ನಿಂತ ಬೆಲ್ಟನ್ನು ಬಿಸಿಯಲ್ಲಿ ಅಳೆಯಬೇಡಿ. ಪುಲ್ಲಿಯಿಂದ ಇಳಿಸಿ, ತಣಿಯಲು ಬಿಟ್ಟು, ಮಾರನೇ ದಿನ ಅಳೆದು ಕತ್ತರಿಸಿ. ನಾನು ಈಗ ಹಾಗೇ ಮಾಡುತ್ತೇನೆ. ಬೀಗರ ವಿಷಯದಲ್ಲಿ ಮಾತ್ರ ನನ್ನದು ಇನ್ನೂ ತಣಿದಿಲ್ಲ. ಮಾತು ಬಂದಾಗ ಮಗು ಮೊದಲು ಅಂದದ್ದು "ತಾತ" ಅಂತ. "ಅಜ್ಜಿ" ಅನ್ನುವುದು ಕಷ್ಟದ ಮಾತು, ಅದಕ್ಕೆ ಹಲ್ಲು ಬರಬೇಕು ಎಂದು ಹಿಟ್ಟಿಗೆ ಬಂದವರಿಗೆಲ್ಲ ಹೇಳಿ ಕಳುಹಿಸಿದೆ.