ಬೀಗರ ಪಂಕ್ತಿಯಲ್ಲಿ ಸುವರ್ಣಗಡ್ಡೆ

ಬಸ್ಸು ಕೆಟ್ಟು ಬೀಗರು ಕಾಮಸಮುದ್ರದ ದಾರಿಯಲ್ಲೇ ನಿಲ್ಲಬಹುದಿತ್ತು. ಕೆಡದೆ ಬೇಗ ಬಂದು, ಇನ್ನೂ ಬೇಯದ ಬಾಡಿನ ಮುಂದೆ ಕೂರಬಹುದಿತ್ತು. ನಮ್ಮೂರ ಚಿನ್ನದ ಗಣಿಯೊಳಗೆ ಬಂಡೆ ಸಿಡಿದು, ಮನೆ ನಡುಗಿ, ಒಲೆಯ ಮೇಲಿನ ಹಂಡೆ ಉರುಳಬಹುದಿತ್ತು. ಮುದ್ದೆ ಗಂಟಾಗಬಹುದಿತ್ತು. ಎಲೆ ಸಾಲದೆ ಹೋಗಬಹುದಿತ್ತು. ಇವೆಲ್ಲಕ್ಕಿಂತ ಮಿಗಿಲಾಗಿ, ನನ್ನ ಎಲೆಯಲ್ಲಿರುವುದು ಬಾಡಲ್ಲ, ಸುವರ್ಣಗಡ್ಡೆ ಎಂದು ಬೀಗರಿಗೆ ಗೊತ್ತಾಗಬಹುದಿತ್ತು.

(ಇದು ಹೋದ ಭಾನುವಾರದ ಮಾತು. ಶನಿವಾರ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶುಕ್ರವಾರವೂ ಬಂದಿರಲಿಲ್ಲ.)

ನಮ್ಮ ಮನೆಯಲ್ಲಿ ಎಲ್ಲರೂ ಬಾಡು ತಿನ್ನುವವರು. ನಾನೊಬ್ಬ ತಿನ್ನುವುದಿಲ್ಲ. ಇದನ್ನು ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಾಗ ಓದುಗರೊಬ್ಬರು ನನ್ನನ್ನು ಸಾತ್ವಿಕ ಎಂದು ಹೊಗಳಿ ಕಾಗದ ಹಾಕಿದ್ದರು. ಸ್ವಾಮಿ, ನನ್ನಲ್ಲಿ ಅಂಥ ಗುಣ ಯಾವುದೂ ಇಲ್ಲ. ಚಿಕ್ಕಂದಿನಲ್ಲಿ ಗಂಟಲಿಗೆ ಮೂಳೆ ಸಿಕ್ಕಿಕೊಂಡಿತ್ತು. ಅಜ್ಜಿ ಬೆನ್ನಿಗೆ ಗುದ್ದಿದಳು. ಮೂಳೆ ಹೊರಗೆ ಬಂತು, ಹೆದರಿಕೆ ಒಳಗೇ ಉಳಿಯಿತು. ಅಹಿಂಸೆಗೂ ನನಗೂ ಇರುವ ಸಂಬಂಧ ಇಷ್ಟೇ.

ಒಬ್ಬ ತಿನ್ನದಿದ್ದರೆ ಕಷ್ಟ ತಿನ್ನುವವರಿಗೇ ಹೆಚ್ಚು. ನನ್ನ ಪಾತ್ರೆ ಬೇರೆ, ಸೌಟು ಬೇರೆ. ಸೌಟು ಅದಲುಬದಲಾದೀತೆಂದು ನಾನು ಭಾನುವಾರವೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. "ಗಣಿ ಗೇಟಿನ ವಾಚ್‌ಮನ್ ತರ ನಿಂತವ್ರೆ ನೋಡು" ಎನ್ನುತ್ತಾಳೆ ಹೆಂಡತಿ ನಂಜಮ್ಮ.

ಮನೆಯವರೇನೋ ಹೊಂದಿಕೊಂಡರು. ಬೀಗರು?

ಮಗಳು ಜಯಳನ್ನು ಈಚೆಗೆ ಕಾಮಸಮುದ್ರದ ಮುನಿಯಪ್ಪನವರ ಮಗನಿಗೆ ಕೊಟ್ಟೆವು. ಮದುವೆಯ ಊಟ ಹೋಳಿಗೆ, ಪಾಯಸ. ಅಲ್ಲಿ ನಾನು ಧೈರ್ಯವಾಗಿ ಉಂಡೆ. ಆದರೆ ಆಮೇಲೆ ಬೀಗರೂಟ ಇದೆಯಲ್ಲ. ಅದಕ್ಕೆ ಬಾಡೇ ಆಗಬೇಕು, ಎರಡೂ ಕಡೆಯ ಹಿರಿಯರು ಒಂದೇ ಪಂಕ್ತಿಯಲ್ಲಿ ಕೂತು ತಿನ್ನಬೇಕು. ಅವರ ಮನೆಯ ಬೀಗರೂಟದ ದಿನ ಜ್ವರ ಎಂದು ಹೇಳಿಕಳಿಸಿ ಕಂಬಳಿ ಹೊದ್ದು ಮಲಗಿದ್ದೆ. ಈಗ ನಮ್ಮ ಸರದಿ, ಆಂಡರ್ಸನ್‌ಪೇಟೆಯ ನಮ್ಮದೇ ಮನೆಯಲ್ಲಿ. ಮತ್ತೆ ಜ್ವರ ಬಂದರೆ ಯಾರು ನಂಬುತ್ತಾರೆ? 'ನಮ್ ಜೊತೇಲಿ ಉಣ್ಣಕ್ಕೆ ನಿಮ್ಮಪ್ಪಂಗೆ ಆಗಲ್ವಾ' ಎಂಬ ಮಾತು ಒಮ್ಮೆ ಹುಟ್ಟಿದರೆ, ಅದನ್ನು ಆ ಮನೆಯ ಒಲೆಯ ಮುಂದೆ ಕೂತು ದಿನವೂ ಕೇಳಬೇಕಾದವಳು ಜಯ. ನಾನಲ್ಲ.

ಉಪಾಯ ನಂಜಮ್ಮನದು. "ಸುವರ್ಣಗಡ್ಡೆನ ಬಾಡಿನಂಗೇ ಎಚ್ಚಿ, ಅದೇ ಮಸಾಲೆ ಆಕ್ತೀನಿ. ಯಾರ್ಗೆ ಗೊತ್ತಾಯ್ತದೆ?"

"ವಾಸನೆ?"

"ಬೀದಿಯೆಲ್ಲ ಬಾಡಿನ ವಾಸ್ನೆ ಇರ್ತದೆ. ನಿಮ್ಮ ಎಲೆ ಯಾರು ಮೂಸ್ತಾರೆ?"

"ಗಂಟಲು ಕೆರೆದು ಕೆಮ್ಮು ಬಂದ್ರೆ?"

"ಉಣಿಸೆಹುಳಿ ಜಾಸ್ತಿ ಬಿಡ್ತೀನಿ."

"ಮುನಿಯಪ್ಪನವರು ಪ್ರೀತಿಯಿಂದ ನನ್ನ ಎಲೆಗೆ ಒಂದು ನಲ್ಲಿಮೂಳೆ ಹಾಕಿಸಿದ್ರೆ?"

"ಎದ್ದು ಓಡೋಗಿ. ಅಭ್ಯಾಸ ಐತಲ್ಲ."

ಭಾನುವಾರ ಬೆಳಗ್ಗೆಯಿಂದ ನಾನು ಅವಳನ್ನು ಆ ಗಡ್ಡೆಯ ಪಾತ್ರೆ ಬಿಟ್ಟು ಕದಲಲು ಬಿಡಲಿಲ್ಲ. ಬಣ್ಣ ಬಂತೆ? ಇನ್ನಷ್ಟು ಕಪ್ಪಾಗಬೇಡವೆ? ಅವಳು ರುಚಿ ನೋಡಿದಳು, ಹುಳಿ ಬಿಟ್ಟಳು, ಮತ್ತೆ ನೋಡಿದಳು, ಉಪ್ಪು ಹಾಕಿದಳು. ಪಕ್ಕದ ಮನೆಯ ಸೆಲ್ವಿಯನ್ನು ಕರೆದು ತೋರಿಸಿದಳು. "ಮಟನ್ ಮಾದ್ರಿನೇ ಐತೆ ಅಕ್ಕಾ" ಎಂದು ಆಕೆ ಸರ್ಟಿಫಿಕೇಟ್ ಕೊಟ್ಟಮೇಲೆ ನನಗೆ ಒಂಚೂರು ಉಸಿರು ಬಂತು. ಹಿತ್ತಲಲ್ಲಿ ಬೀಗರ ಬಾಡಿನ ದೊಡ್ಡ ಹಂಡೆ ತನ್ನಷ್ಟಕ್ಕೆ ಕುದಿಯುತ್ತಿತ್ತು.

ಬಸ್ಸು ಕೆಡಲಿಲ್ಲ. ಬಂಡೆ ಸಿಡಿಯಲಿಲ್ಲ. ಎಲೆ ಮಿಕ್ಕಿತು. ಮುನಿಯಪ್ಪನವರು ನನ್ನ ಪಕ್ಕಕ್ಕೇ ಕೂತರು. ಜಯ ಬಡಿಸಿದಳು. ನನಗೆ ಮಾತ್ರ ನಂಜಮ್ಮ ಸೆರಗಿನ ಮರೆಯಲ್ಲಿ ತಂದು ಬಡಿಸಿದಳು.

ಮುನಿಯಪ್ಪನವರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಕೈ ನಿಂತಿತು. ಅವರ ಪಕ್ಕದವರ ಕೈಯೂ ನಿಂತಿತು. ಪಂಕ್ತಿಯೇ ಸದ್ದಡಗಿತು. ಬೀಗರೂಟದಲ್ಲಿ ಸದ್ದಿಲ್ಲವೆಂದರೆ ಏನರ್ಥ? ಮುನಿಯಪ್ಪನವರು ನನ್ನ ಎಲೆ ನೋಡಿದರು. ಆಮೇಲೆ ಜಯಳ ಮುಖ ನೋಡಿದರು.

ಅವರು ನನ್ನ ಕಿವಿಯ ಹತ್ತಿರಕ್ಕೆ ಬಾಗಿದರು. "ಬೀಗ್ರೇ, ತಪ್ಪು ತಿಳ್ಕೋಬ್ಯಾಡಿ. ಒಂದ್ ಮಾತು."

ಆ ಮಾತು ಆಡಲು ನಾನು ಬಿಟ್ಟರೆ ತಾನೆ? "ಅದು ಗಡ್ಡೆ ಬೀಗ್ರೇ" ಎಂದುಬಿಟ್ಟೆ. "ನಾನು ಬಾಡು ತಿನ್ನಲ್ಲ. ನಿಮ್ಮನ್ನ ಕೀಳಾಗಿ ಕಂಡಲ್ಲ, ಮೂಳೆ ಅಂದ್ರೆ ಭಯ. ಆವತ್ತು ಜ್ವರಾನೂ ಇರಲಿಲ್ಲ. ಹುಡುಗೀನ ಮಾತ್ರ ಏನೂ ಅನ್ಬೇಡಿ."

ಮುನಿಯಪ್ಪನವರು ತಲೆಯಾಡಿಸಿದರು. "ಅದು ಗೊತ್ತೈತೆ ಬುಡಿ. ನಮ್ಮಪ್ಪಂಗೆ ಮೂಳೆ ಕಂಡ್ರೆ ಎದ್ರಿಕೆ ಅಂತ ನಿಮ್ ಮಗಳು ಬಂದ ವಾರದಾಗೇ ಏಳವ್ಳೆ. ನಮ್ ಎಂಗಸ್ರು ಇವತ್ಗೂ ನಗ್ತಾವ್ರೆ."

ಹಾಗಾದರೆ ಈ ಮೌನ?

ಅವರು ದನಿ ಇನ್ನೂ ತಗ್ಗಿಸಿದರು. "ಸೊಸೆ ಬೇಜಾರು ಮಾಡ್ಕೊತಾಳೆ ಅಂತ ಯಾರೂ ಬಾಯಿ ಬಿಡ್ತಿಲ್ಲ. ಸಾರಿಗೆ ಒಸಿ ಉಪ್ಪು ತರ್ಸಿ."

ಹಂಡೆಗೆ ಉಪ್ಪು ಹಾಕುವುದನ್ನೇ ಎಲ್ಲರೂ ಮರೆತಿದ್ದರು. ಇಡೀ ಪಂಕ್ತಿಯಲ್ಲಿ ಉಪ್ಪು ಹದವಾಗಿದ್ದದ್ದು ನನ್ನ ಎಲೆಯ ಗಡ್ಡೆಗೆ ಮಾತ್ರ.