ಕೈಚೀಲದಲ್ಲಿ ಸಿಕ್ಕ ಒಂದು ಗುಂಡು

ಕೊರೊನಾ ಮುಗಿಯಿತೆಂದು ಎಲ್ಲರೂ ಒಪ್ಪಿಕೊಂಡ ಮೇಲಿನ ಎರಡನೇ ವರ್ಷ ಇರಬೇಕು. ಯಲಹಂಕದ ಆಚೆ, ವಿಮಾನ ನಿಲ್ದಾಣದ ದಾರಿಯ ಒಂದು ಠಾಣೆಯಲ್ಲಿ ನಾನು ಇನ್‌ಸ್ಪೆಕ್ಟರ್. ನಿವೃತ್ತಿಗೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. 'ಇರಬೇಕು' ಎಂದು ಬರೆಯುವುದು ನನಗೆ ಅಭ್ಯಾಸವಿಲ್ಲ. ಸರ್ವಿಸಿನುದ್ದಕ್ಕೂ ನಾನು ಬರೆದ ಕಾಗದಗಳಲ್ಲಿ ಎಲ್ಲವೂ ಇಂಥ ದಿನ, ಇಂಥ ಗಂಟೆಗೆ, ಇಂಥವರ ಸಮಕ್ಷಮದಲ್ಲಿ ನಡೆದಿದೆ. ನಡೆದದ್ದು ಅಷ್ಟು ಸಾಲಾಗಿ ನಡೆದಿರಲಿಲ್ಲ ಎನ್ನುವುದು ಬರೆದವನಿಗೆ ಮಾತ್ರ ಗೊತ್ತಿರುತ್ತದೆ. ಈ ಪ್ರಕರಣವನ್ನು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಎರಡು ಸಲವೂ ದೋಷಾರೋಪಣ ಪಟ್ಟಿಯ ಹಾಗೆ ಬಂತು. ಈ ಸಲ ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತೇನೆ.

ಬೆಳಗಿನ ತಿಂಡಿಯ ಹೊತ್ತಿಗೆ ನಿಲ್ದಾಣದ ಭದ್ರತಾ ಸಿಬ್ಬಂದಿ ಒಬ್ಬ ಮಹಿಳೆಯನ್ನು, ಒಂದು ಕಂದು ಬಣ್ಣದ ಕೈಚೀಲವನ್ನು ಮತ್ತು ಒಂದು ಲಿಖಿತ ದೂರನ್ನು ತಂದು ನಮಗೆ ಒಪ್ಪಿಸಿದರು. ಸ್ಕ್ಯಾನರ್‌ನಲ್ಲಿ ಚೀಲದ ತಳದಲ್ಲೊಂದು ಚಿಕ್ಕ ಕಪ್ಪು ನೆರಳು ಕಂಡಿತ್ತು. ಚೀಲ ಬರಿದು ಮಾಡಿ ನೋಡಿದರೆ ಏನೂ ಇಲ್ಲ. ಕೊನೆಗೆ ಹರಿದ ಲೈನಿಂಗ್ ಬಟ್ಟೆಯ ಒಳಗೆ, ಚಾಕೊಲೇಟ್ ಕಾಗದ ಮತ್ತು ಮಗುವಿನ ತಲೆಯ ಕ್ಲಿಪ್ಪಿನ ಜೊತೆ, ಒಂದು ಒಂಬತ್ತು ಎಂ.ಎಂ. ಪಿಸ್ತೂಲಿನ ಜೀವಂತ ಗುಂಡು ಸಿಕ್ಕಿತು.

ಇಂಥ ಪ್ರಕರಣಗಳು ನಮಗೆ ಹೊಸವಲ್ಲ. ವಿದೇಶದಲ್ಲಿರುವವರ ಚೀಲಗಳಲ್ಲಿ ಆಗೊಮ್ಮೆ ಈಗೊಮ್ಮೆ ಗುಂಡು ಸಿಗುತ್ತಿತ್ತು. ಲೈಸೆನ್ಸ್ ಇಲ್ಲದೆ ಒಂದೇ ಒಂದು ಗುಂಡು ಇಟ್ಟುಕೊಂಡರೂ ಆಯುಧ ಕಾಯ್ದೆಯಲ್ಲಿ ಅಪರಾಧ. ಜೈಲುಶಿಕ್ಷೆಯವರೆಗೂ ಹೋಗಬಹುದು. ಆದರೆ ಅದೇ ಕಾಯ್ದೆಯ ಬಗ್ಗೆ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿರುವ ಒಂದು ಮಾತಿದೆ: 'ಕಾನ್ಷಿಯಸ್ ಪೊಸೆಷನ್'. ಅಂದರೆ, ಅರಿತು ಇಟ್ಟುಕೊಂಡಿರಬೇಕು. ಮರೆತು ಉಳಿದುಹೋಗಿದ್ದರೆ ಅದು ಅಪರಾಧವಾಗುವುದಿಲ್ಲ. ಸಾಮಾನ್ಯ ಓದುಗರಿಗೆ ಇದು ಸರಳ ಅನ್ನಿಸಬಹುದು. 'ಮರೆತುಹೋಯ್ತು ಸಾರ್' ಎಂಬ ಮಾತನ್ನು ಒಮ್ಮೆಯೂ ನಂಬದೆ ಬಡ್ತಿ ಪಡೆದವನಿಗೆ ಅದು ಸರಳವಾಗಿರಲಿಲ್ಲ.

ಆಕೆಯ ಹೆಸರು ಗಿರಿಜಾ. ವಯಸ್ಸು ಮೂವತ್ತೆಂಟರ ಆಸುಪಾಸು. ಅಮೆರಿಕದ ಟೆಕ್ಸಾಸ್‌ನ ಒಂದು ಊರಿನಲ್ಲಿ ಔಷಧದಂಗಡಿಯ ಫಾರ್ಮಸಿಸ್ಟ್. ತಮ್ಮನ ಗೃಹಪ್ರವೇಶಕ್ಕೆಂದು ಕೊಡಿಗೇಹಳ್ಳಿಗೆ ಒಬ್ಬಳೇ ಬಂದಿದ್ದಳು. ಗಂಡ ಸಮುದ್ರದ ಮಧ್ಯದ ತೈಲಬಾವಿಯಲ್ಲಿ ಕೆಲಸ ಮಾಡುವವನು. ಎರಡು ವಾರ ಅಲ್ಲಿ, ಎರಡು ವಾರ ಮನೆ. ಅವನು ಮನೆಯಲ್ಲಿರುವ ಎರಡು ವಾರ ನೋಡಿಕೊಂಡು, ಆರು ವರ್ಷದ ಮಗಳನ್ನು ಅವನ ಬಳಿ ಬಿಟ್ಟು ಬಂದಿದ್ದಳು. ಇನ್ನು ನಾಲ್ಕು ದಿನಕ್ಕೆ ಅವನು ಮತ್ತೆ ಸಮುದ್ರಕ್ಕೆ ಹೋಗಬೇಕು. ಪ್ರಕರಣ ದಾಖಲಾದ ಮೇಲೆ ಪಾಸ್‌ಪೋರ್ಟ್ ನಮ್ಮ ಬಳಿ. ನ್ಯಾಯಾಲಯ ಬಿಡುವ ತನಕ ಆಕೆ ದೇಶ ಬಿಡುವಂತಿಲ್ಲ.

"ಈ ಗುಂಡು ಎಲ್ಲಿಂದ ಬಂತು?" ಎಂದೆ.

"ಗೊತ್ತಿಲ್ಲ ಸಾರ್."

"ಚೀಲ ನಿಮ್ದೇನಾ?"

"ನಂದೇ. ಬರುವಾಗ ಸೂಟ್‌ಕೇಸ್ ಒಳಗೆ ಮಡಚಿಟ್ಟಿದ್ದೆ. ಗುಂಡು ಗೊತ್ತಿಲ್ಲ."

ಗುಂಡಿನ ತಳದಲ್ಲಿ ಅಮೆರಿಕದ ಕಂಪನಿಯ ಮುದ್ರೆಯಿತ್ತು. ತುದಿ ಟೊಳ್ಳು. ಅದು ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಳ್ಳುವವರು ತುಂಬುವ ಜಾತಿ. ದಾರಿಯಲ್ಲಿ ಬಿದ್ದು ಸಿಗುವಂಥದ್ದಲ್ಲ. "ಅಲ್ಲಿ ನಿಮ್ಮ ಹತ್ರ ಗನ್ ಇದ್ಯಾ?" ಎಂದು ಕೇಳಿದೆ. ಆಕೆ ಬಾಗಿಲಿನ ಕಡೆ ನೋಡಿದಳು. ಬಾಗಿಲ ಹೊರಗಿನ ಬೆಂಚಿನಲ್ಲಿ ಅವಳ ಅಪ್ಪ ಕೂತಿದ್ದರು. ಮಗಳನ್ನು ಬಿಡಲು ನಿಲ್ದಾಣಕ್ಕೆ ಬಂದವರು, ಅವಳ ಫೋನ್ ಬಂದ ಕೂಡಲೇ ಠಾಣೆಗೆ ಬಂದಿದ್ದರು.

ಈಗ ಬರೆಯುವಾಗ ನಾನು ಆ ನೋಟವನ್ನು ಕೂಡಲೇ ಅರ್ಥ ಮಾಡಿಕೊಂಡೆ ಅನ್ನಿಸುತ್ತದೆ. ಆಗ ಅರ್ಥವಾಗಿರಲಿಲ್ಲ. ಸುಳ್ಳು ಹೇಳುವವರು ಬಾಗಿಲು ನೋಡುತ್ತಾರೆ ಎಂದಷ್ಟೇ ಅಂದುಕೊಂಡಿದ್ದೆ.

ಅಪ್ಪ ಶಿವಪುತ್ರಪ್ಪ. ಗದಗ ಕಡೆಯವರು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾಗಿ ಗಂಗಾನಗರದಲ್ಲಿ ಮನೆ ಮಾಡಿಕೊಂಡಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಒಳಗೆ ಕರೆಯುವ ಮೊದಲೇ ಬಂದು ನನ್ನ ಮೇಜಿನ ಮುಂದೆ ನಿಂತರು.

"ಸಾಹೇಬ್ರ, ಅದು ನಂದ್ರೀ. ಅಕೀದಲ್ಲ."

"ಯಾವುದು?"

"ಅದs, ಗುಂಡು. ಜಕ್ಕೂರ ಕಡೆ ವಾಕಿಂಗ್ ಹೋದಾಗ ಸಿಕ್ಕಿತ್ತು. ಮೊಮ್ಮಗಳಿಗೆ ಆಟಕ್ಕ ಇರ್ಲಿ ಅಂತ ಅಕಿ ಚೀಲದಾಗ ಹಾಕಿದ್ದೆ. ಅಕಿಗೆ ಹೇಳಾಕ ಮರ್ತೆ. ನನ್ನ ಮ್ಯಾಲ ಬರಕೋರ್ರೀ. ನನಗ ಎಲ್ಲಿ ಹೋಗೂದೈತಿ."

"ಎಷ್ಟು ಉದ್ದ ಇತ್ತು ಯಜಮಾನ್ರೇ, ಗುಂಡು?"

ಅವರು ತೋರುಬೆರಳನ್ನು ಪೂರ್ತಿ ಚಾಚಿ ತೋರಿಸಿದರು. ನನ್ನ ಡ್ರಾಯರಿನ ಪ್ಲಾಸ್ಟಿಕ್ ಕವರಿನಲ್ಲಿದ್ದದ್ದು ಕಿರುಬೆರಳಿನ ಅರ್ಧವೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಪೊನ್ನಪ್ಪ ಕೊಡಗಿನವರು. ಹುಟ್ಟಿದ್ದೇ ಬಂದೂಕಿರುವ ಮನೆಯಲ್ಲಿ. ಅವರು ನಗು ತಡೆಯಲು ಗೋಡೆಯ ಕಡೆ ತಿರುಗಿದರು.

ನನಗೆ ನಗು ಬರಲಿಲ್ಲ. ಈ ಮಾತನ್ನು ಬರೆದುಕೊಂಡರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅಪ್ಪನೂ ಆರೋಪಿ, ಮಗಳೂ ಆರೋಪಿ. ಅಮೆರಿಕದ ಮುದ್ರೆಯ ಗುಂಡು ಜಕ್ಕೂರಿನ ದಾರಿಯಲ್ಲಿ ಬಿದ್ದಿತ್ತು ಎಂಬ ಕಥೆ ನ್ಯಾಯಾಲಯದಲ್ಲಿ ಐದು ನಿಮಿಷ ನಿಲ್ಲುವುದಿಲ್ಲ. ಆ ಕಥೆ ಬಿದ್ದ ಮೇಲೆ ಮಗಳ 'ಗೊತ್ತಿಲ್ಲ'ವನ್ನೂ ಯಾರೂ ನಂಬುವುದಿಲ್ಲ. ಆದರೂ ಬರೆದುಕೊಂಡುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಕಾಗದ ಅಚ್ಚುಕಟ್ಟಾಗುತ್ತಿತ್ತು, ನಾನು ಮನೆಗೆ ಹೋಗಬಹುದಿತ್ತು. ಆ ವರ್ಷ ನನಗೆ ಹೆಚ್ಚಿನ ವಿಷಯಗಳಲ್ಲಿ ಹಾಗೇ ಅನ್ನಿಸುತ್ತಿತ್ತು.

ಗಿರಿಜಾಳ ಕಡೆ ತಿರುಗಿ, "ನಿಮ್ಮ ತಂದೆ ಗುಂಡು ತಮ್ದು ಅಂತಿದ್ದಾರೆ. ಬರ್ಕೊಳ್ಳಾ?" ಎಂದೆ.

"ಬ್ಯಾಡ್ರೀ," ಎಂದಳು. ಅಲ್ಲಿಯವರೆಗೆ ನನ್ನ ಜೊತೆ ಬೆಂಗಳೂರು ಕನ್ನಡದಲ್ಲಿ ಮಾತಾಡಿದ್ದವಳು ಮನೆಮಾತಿಗೆ ಬಂದಿದ್ದಳು. "ಅಪ್ಪಾ, ಸುಮ್ನ ಸುಳ್ಳ ಹೇಳಬ್ಯಾಡ. ಅದು ನಂದು."

"ಗುಂಡಷ್ಟ ಇಟ್ಕೊಂಡು ಏನ್ ಮಾಡ್ತೀಯವ್ವಾ ನೀ?"

"ಪಿಸ್ತೂಲೂ ಐತಿ. ಅಲ್ಲಿ ಮನ್ಯಾಗ."

"ಅಳ್ಯಾಂದೇನು?"

"ನಂದು. ಅವಂದು ಬ್ಯಾರೆ ಐತಿ."

ಶಿವಪುತ್ರಪ್ಪ ಕುರ್ಚಿ ಎಳೆದುಕೊಂಡು ಕೂತರು. ಪೊನ್ನಪ್ಪ ನೀರು ಕೊಟ್ಟರು. ಆಗ ಆಕೆ ಅತ್ತಳೇ? ಅತ್ತಳು ಎಂದು ಪೊನ್ನಪ್ಪ ಈಗಲೂ ಹೇಳುತ್ತಾರೆ. ನನ್ನ ನೆನಪಿನಲ್ಲಿ ಅವಳು ಬಹಳ ನಿಧಾನವಾಗಿ, ಔಷಧ ತೆಗೆದುಕೊಳ್ಳುವ ಕ್ರಮ ವಿವರಿಸುವವರ ಹಾಗೆ ಮಾತಾಡಿದಳು.

ನಡೆದದ್ದು ಇಷ್ಟು. ಒಂದು ಸಂಜೆ ಅಂಗಡಿಯ ಕೌಂಟರಿಗೆ ಒಬ್ಬ ಬಂದು ಅಂಗಿ ಎತ್ತಿ ಸೊಂಟದ ಪಿಸ್ತೂಲು ತೋರಿಸಿ ನೋವಿನ ಮಾತ್ರೆಗಳನ್ನು ಕೇಳಿದ. ಕೊಟ್ಟಳು. ಅವನು ಥ್ಯಾಂಕ್ಸ್ ಹೇಳಿ ಹೋದ. ಆ ಥ್ಯಾಂಕ್ಸ್ ಕಿವಿಯಿಂದ ಹೋಗಲಿಲ್ಲವಂತೆ. ಜೊತೆಯ ಕೆಲಸಗಾರ್ತಿ, ಮೊಮ್ಮಕ್ಕಳನ್ನು ಕಂಡ ಹೆಂಗಸು, ಇವಳನ್ನು ತರಬೇತಿಗೆ ಕರೆದುಕೊಂಡು ಹೋದಳು. ಆಮೇಲೆ ಲೈಸೆನ್ಸ್, ಪಿಸ್ತೂಲು, ಅದನ್ನಿಡಲು ಒಳಜೇಬಿರುವ ಈ ಚೀಲ. ದಿನಾ ಕೆಲಸಕ್ಕೆ ಇದೇ ಚೀಲ. ಹೊರಡುವ ಹಿಂದಿನ ದಿನ ಪಿಸ್ತೂಲು ತೆಗೆದು ಕೀಲಿ ಇರುವ ಪೆಟ್ಟಿಗೆಯಲ್ಲಿಟ್ಟಿದ್ದಳು. ಯಾವತ್ತೋ ಒಂದು ಗುಂಡು ಹರಿದ ಬಟ್ಟೆಯೊಳಗೆ ಜಾರಿದ್ದು ಗೊತ್ತಿರಲಿಲ್ಲ.

"ಲೈಸೆನ್ಸ್ ಇದ್ರೆ ಮೊದಲೇ ಯಾಕೆ ತೋರಿಸ್ಲಿಲ್ಲ?" ಎಂದೆ. ಪರ್ಸಿನಲ್ಲಿ, ಡ್ರೈವಿಂಗ್ ಲೈಸೆನ್ಸಿನ ಹಿಂದೆಯೇ ಇತ್ತು ಆ ಕಾರ್ಡು.

"ಅಪ್ಪ ಹೊರಗ ಕುಂತಿದ್ರು."

ಶಿವಪುತ್ರಪ್ಪ ತಲೆಯೆತ್ತಲಿಲ್ಲ. "ನಮ್ಮೂರಾಗ ಬಂದೂಕು ಅಂದ್ರ ದೇಸಾಯರ ವಾಡೇದಾಗ ಒಂದs ಇತ್ತು," ಎಂದರು. ನನಗೆ ಹೇಳಿದರೋ ಅವಳಿಗೋ ತಿಳಿಯಲಿಲ್ಲ. "ಅದನ್ನ ಇಟ್ಕೊಂಡು ಒಬ್ಬ ಆಳು ಕಟ್ಟಿ ಮ್ಯಾಲ ಕೂತಿರತಿದ್ದ. ಹಾರಿಸಿದ್ದು ಯಾರೂ ನೋಡಿಲ್ಲ. ನಮ್ಮಪ್ಪ ಅದರ ಮುಂದ ಹಾದು ಹೋಗಾಗ ಚಪ್ಪಲಿ ಕಾಲಾಗಿಂದ ತಗದು ಕೈಯಾಗ ಹಿಡಕೋತಿದ್ದ. ಅವನ ಮೊಮ್ಮಗಳು ನೀ."

"ಅಪ್ಪಾ, ಅಲ್ಲಿ ಎಲ್ಲಾರ ಕಡೆ ಐತಿ," ಎಂದಳು ಗಿರಿಜಾ. "ನನ್ನ ಕಡೆ ಇಲ್ಲಂದ್ರ ನಾ ಚಪ್ಪಲಿ ಕೈಯಾಗ ಹಿಡಕೊಂಡು ಓಡಾಡಬೇಕು."

ಪೊನ್ನಪ್ಪ ಮೆಲ್ಲಗೆ ಶುರು ಮಾಡಿದರು. "ನಮ್ಮಲ್ಲಿ ಬಂದೂಕು ಮನೆ ಮಗ ಇದ್ದ ಹಾಗೆ ಅಮ್ಮಾ. ಹಬ್ಬದ ದಿನ ಹೂ ಮುಡಿಸ್ತೀವಿ. ಗಂಡುಮಗು ಹುಟ್ಟಿದ್ರೆ ಆಕಾಶಕ್ಕೆ ಒಂದು ಗುಂಡು ಹಾರಿಸ್ತೀವಿ. ನಮ್ಮಜ್ಜಿನೂ ಹಾರಿಸಿದೋರೇ. ಆದ್ರೆ ಸಂತೆಗೆ ತಗೊಂಡು ಹೋಗ್ತಿರ್ಲಿಲ್ಲ."

"ನಿಮ್ಮ ಅಜ್ಜಿ ಸಂತೆಯಿಂದ ಒಬ್ರೇ ಕಾರ್ ಓಡಿಸ್ಕೊಂಡು ಮನೆಗೆ ಹೋಗ್ತಿದ್ರಾ?" ಎಂದಳು.

ಆಮೇಲೆ ಅವಳು ನನ್ನ ಸೊಂಟದ ಪಿಸ್ತೂಲು ನೋಡಿ, "ಡ್ಯೂಟಿ ಇಲ್ಲದಾಗ ನೀವು ಕ್ಯಾರಿ ಮಾಡಲ್ವಾ ಸಾರ್?" ಎಂದು ಕೇಳಿದಳು.

"ಇಲ್ಲ. ಮನೆಗೆ ಹೋದ ತಕ್ಷಣ ಬಿಚ್ಚಿಟ್ಟುಬಿಡ್ತೀನಿ. ಸೊಂಟನೋವು."

"ಭಯ ಆಗಲ್ವಾ?"

ನಾನು ಏನು ಹೇಳಿದೆನೋ ನೆನಪಿಲ್ಲ. ಸರ್ವಿಸಿನಲ್ಲಿ ಒಮ್ಮೆಯೂ ಮನುಷ್ಯರ ಕಡೆ ನಾನು ಅದನ್ನು ಹಾರಿಸಿದವನಲ್ಲ. ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ಕಿನಲ್ಲಿ ನನಗಿದ್ದ ಭಯಕ್ಕೆ ಪಿಸ್ತೂಲಿನಿಂದ ಪ್ರಯೋಜನವಿರಲಿಲ್ಲ.

ಶಿವಪುತ್ರಪ್ಪನವರ ಹೇಳಿಕೆಯನ್ನು ನಾನು ಬರೆದುಕೊಳ್ಳಲಿಲ್ಲ. ಗಿರಿಜಾಳದ್ದನ್ನು ಅವಳು ಹೇಳಿದ ಹಾಗೇ, ಥ್ಯಾಂಕ್ಸ್ ಸಮೇತ ಬರೆದೆ. ಲೈಸೆನ್ಸಿನ ಪ್ರತಿ ಲಗತ್ತಿಸಿದೆ. ಯಾವ ಕಾರ್ಡನ್ನು ಅವಳು ಅಪ್ಪನ ಕಣ್ಣಿಂದ ಮುಚ್ಚಿಟ್ಟಿದ್ದಳೋ ಅದೇ ಅವಳನ್ನು ಉಳಿಸುವಂತಿತ್ತು. ಅಲ್ಲಿ ಕಾನೂನಿನ ಪ್ರಕಾರ ಆಯುಧ ಇಟ್ಟುಕೊಂಡವಳ ಚೀಲದಲ್ಲಿ ಒಂದು ಗುಂಡು ಮರೆತು ಉಳಿಯುವುದು ನಂಬುವ ಮಾತು. ಬಂಧಿಸದೆ ನೋಟಿಸ್ ಕೊಟ್ಟು ಅಪ್ಪನ ಜೊತೆ ಮನೆಗೆ ಕಳಿಸಿದೆ. ಪಾಸ್‌ಪೋರ್ಟ್ ಇಟ್ಟುಕೊಂಡೆ.

ಗುಂಡನ್ನು ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕು. ಅದು ಜೀವಂತ ಹೌದೋ ಅಲ್ಲವೋ ಎಂದು ಅವರು ಪ್ರಮಾಣಪತ್ರ ಕೊಡಬೇಕು. ಅದನ್ನು ತಿಳಿಯಲು ಅವರಿಗಿರುವ ದಾರಿ ಹಾರಿಸಿ ನೋಡುವುದು. ವಾರಗಳ ನಂತರ 'ಜೀವಂತವಾಗಿತ್ತು' ಎಂಬ ವರದಿಯ ಜೊತೆ ಖಾಲಿ ಹಿತ್ತಾಳೆಯ ಕೋಶ ವಾಪಸು ಬಂತು. ಅಲ್ಲಿ ಯಾರಿಗಾಗಿಯೋ ತುಂಬಿಟ್ಟದ್ದು ಬೆಂಗಳೂರಿನ ಒಂದು ಕೋಣೆಯಲ್ಲಿ ಗುಮಾಸ್ತರ ಎದುರು ಹಾರಿಹೋಗಿತ್ತು.

ಅಷ್ಟರಲ್ಲಿ ಅವಳ ಗಂಡ ಒಂದು ಸರದಿ ತಪ್ಪಿಸಿಕೊಂಡ. ಎರಡನೆಯದಕ್ಕೆ ಕಂಪನಿ ಒಪ್ಪಲಿಲ್ಲ. ಮಗಳನ್ನು ಆ ಹಿರಿಯ ಕೆಲಸಗಾರ್ತಿಯ ಮನೆಯಲ್ಲಿ ಬಿಟ್ಟು ಹೋದನಂತೆ. ಗಿರಿಜಾ ದಿನ ಬಿಟ್ಟು ದಿನ ಠಾಣೆಗೆ ಫೋನ್ ಮಾಡುತ್ತಿದ್ದಳು. ನಾನು ತೆಗೆಯುತ್ತಿದ್ದೆ, ಹೇಳಲು ಏನೂ ಇರುತ್ತಿರಲಿಲ್ಲ. ಕೊನೆಗೆ ಉಚ್ಚ ನ್ಯಾಯಾಲಯ ಮೊದಲು ಪ್ರಯಾಣಕ್ಕೆ ಅನುಮತಿ ಕೊಟ್ಟಿತು. ಅರಿತು ಇಟ್ಟುಕೊಂಡದ್ದಲ್ಲ ಎಂದು ಪ್ರಕರಣವನ್ನೇ ರದ್ದು ಮಾಡಿದ್ದು ಅವಳು ಹೋದ ಮೇಲೆ.

ಚೀಲ ಬಿಡಿಸಿಕೊಳ್ಳಲು ಶಿವಪುತ್ರಪ್ಪ ಬಂದರು. ಅದೇ ಇಸ್ತ್ರಿ ಅಂಗಿ. ಸಹಿ ಹಾಕಿ ಚೀಲ ತೆಗೆದುಕೊಂಡು, ಒಳಗೆ ಕೈ ಹಾಕಿ ಹರಿದ ಜಾಗ ಹುಡುಕಿ ಎರಡು ಬೆರಳು ತೂರಿಸಿ ನೋಡಿದರು.

"ಇದನ್ನ ಹೊಲಿಸಿ ಇಲ್ಲೇ ಇಡ್ತೀನ್ರೀ. ಇಲ್ಲಿಗೆ ಬಂದಾಗ ಇದು. ಅಲ್ಲಿದು ಅಲ್ಲೇ ಇಟ್ಟು ಬಾ ಅಂದೀನಿ."

"ಪಿಸ್ತೂಲೇ ಬೇಡ ಅಂತ ಹೇಳ್ಲಿಲ್ವಾ?"

"ಯಾವ ಮಾರಿ ಇಟ್ಕೊಂಡು ಹೇಳ್ಲಿ ಸಾಹೇಬ್ರ? ನಾ ಅಲ್ಲಿ ಹೋಗಿ ಬಾಗಲಾಗ ಕೂಡತೀನೇನು?" ನನ್ನ ಸೊಂಟದ ಪಿಸ್ತೂಲು ನೋಡಿದರು. "ಭಾರ ಎಷ್ಟಾಗತೈತ್ರೀ ಅದು?"

"ತುಂಬಿದ್ರೆ ಒಂದು ಕೇಜಿ ಹತ್ರ."

ಅವರು ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡರು, ತೂಗಿ ನೋಡುವವರ ಹಾಗೆ. "ಇಲ್ಲಿ ಇದ್ದಷ್ಟು ದಿನ ಅಕಿ ಬಲಗಡೆ ಹೆಗಲು ನೋಯ್ತೈತಿ ಅಂತಿದ್ಲು. ಅವರವ್ವ ದಿನಾ ಎಣ್ಣಿ ಕಾಸಿ ತಿಕ್ಕಿದ್ಲು. ಕಂಪ್ಯೂಟರ್ ಮುಂದ ಕೂತು ಆಗಿರಬೇಕಂತ ನಾ ಬೈದಿದ್ದೆ." ಚೀಲ ಇಳಿಸಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ಹೋದರು.

ಕೆಲಸ ಏನು ಕಲಿಸಿತು ಎಂದು ಇಂಥ ಬರಹದ ಕೊನೆಗೆ ಹೇಳಬೇಕು. ದಿನಾ ಹೊರುವುದನ್ನು ಜನ ಮರೆಯುತ್ತಾರೆ, ಅದು ಸುಳ್ಳಲ್ಲ ಎಂದು ಕಲಿತೆ. ಕಲಿಯುವ ಹೊತ್ತಿಗೆ ಸರ್ವಿಸ್ ಮುಗಿಯುತ್ತ ಬಂದಿತ್ತು.

ನಿವೃತ್ತಿಯ ದಿನ ಪಿಸ್ತೂಲನ್ನು ಒಪ್ಪಿಸಿ ರಸೀದಿ ಪಡೆದೆ. ಈಗ ಬೆಳಗ್ಗೆ ಅಲ್ಲಾಳಸಂದ್ರದ ಕೆರೆಯ ಸುತ್ತ ನಡೆಯುತ್ತೇನೆ. ಬಲಗೈಯನ್ನು ಸೊಂಟಕ್ಕೆ ತಾಗಿಸದೆ, ಸ್ವಲ್ಪ ದೂರ ಹಿಡಿದು ನಡೆಯುತ್ತೇನಂತೆ. ಹೆಂಡತಿ ಹೇಳುತ್ತಾಳೆ. ನನಗೆ ಗೊತ್ತಾಗುವುದಿಲ್ಲ.